ಸೂಟ್‌ಕೇಸಿಗಿಂತ ಮೊದಲು ಪಗಾರದ ಚೀಟಿ

ಮಾನ್ಯ ಸಂಪಾದಕರೇ,

ವಿದೇಶ ಪ್ರಯಾಣದ ಸಿದ್ಧತೆ ಕುರಿತು ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬಟ್ಟೆ ಸುರುಳಿ ಸುತ್ತಿ ಇಡುವ ಬಗೆ, ಕುತ್ತಿಗೆಗೆ ಹಾಕಿಕೊಳ್ಳುವ ದಿಂಬು, ಕಿಟಕಿ ಬದಿಯ ಸೀಟು ಗಿಟ್ಟಿಸುವ ಉಪಾಯ, ಎಲ್ಲ ಸೊಗಸಾಗಿತ್ತು. ಆದರೆ ಅದು ಸ್ವಂತ ದುಡ್ಡಿನಲ್ಲಿ ಊರು ನೋಡಲು ಹೋಗುವವರಿಗೆ ಬರೆದದ್ದು. ಕಾರ್ಖಾನೆಯ ಕೆಲಸದ ಮೇಲೆ ಜೀವನದಲ್ಲಿ ಮೊದಲ ಸಲ ವಿಮಾನ ಹತ್ತುವವರು ನಮ್ಮ ಬೆಳಗಾವಿಯಲ್ಲೇ ಬಹಳ ಮಂದಿ ಇದ್ದಾರೆ. ಉದ್ಯಮಬಾಗ, ಮಚ್ಛೆ ಕಡೆಯ ಫೌಂಡ್ರಿ, ಹೈಡ್ರಾಲಿಕ್ಸ್ ಘಟಕಗಳಲ್ಲಿ ತಯಾರಾದ ಮಾಲು ಎಲ್ಲೆಲ್ಲಿಗೋ ಹೋಗುತ್ತದೆ. ಅದರ ಹಿಂದೆ ಒಮ್ಮೊಮ್ಮೆ ಅದನ್ನು ಮಾಡಿದ ಮನುಷ್ಯನೂ ಹೋಗಬೇಕಾಗುತ್ತದೆ. ಅವರ ಸಿದ್ಧತೆ ಸೂಟ್‌ಕೇಸಿನಿಂದ ಶುರುವಾಗುವುದಿಲ್ಲ. ನಾನು ಹೈಡ್ರಾಲಿಕ್ ವಾಲ್ವ್ (ಯಂತ್ರಗಳಲ್ಲಿ ಎಣ್ಣೆಯ ಹರಿವು ನಿಯಂತ್ರಿಸುವ ಕವಾಟ) ತಯಾರಿಸುವ ಒಂದು ಸಣ್ಣ ಘಟಕದಲ್ಲಿ ಲೆಕ್ಕಪತ್ರ ಮತ್ತು ರವಾನೆ ನೋಡಿಕೊಳ್ಳುತ್ತೇನೆ. ಜರ್ಮನಿಯ ಹ್ಯಾನೋವರ್ ಕೈಗಾರಿಕಾ ಮೇಳಕ್ಕೆ ನಮ್ಮವರನ್ನು ಕಳಿಸುವ ಕಾಗದಪತ್ರದ ಕೆಲಸ ವರ್ಷಗಳಿಂದ ನನ್ನ ಪಾಲಿಗೇ ಬಂದಿದೆ. ಒಮ್ಮೆ ನಾನೂ ಹೋಗಿ ಬಂದಿದ್ದೇನೆ. ಆ ಅನುಭವದ ಮೇಲೆ ಕೆಲವು ಮಾತು, ಮುಖ್ಯವಾಗಿ ಮಾಲೀಕರಿಗೆ.

ಹ್ಯಾನೋವರ್ ಮೇಳ 1947ರಿಂದ ನಡೆಯುತ್ತಿದೆ. 2015ರಲ್ಲಿ ಭಾರತವೇ ಅದರ ಪಾಲುದಾರ ದೇಶವಾಗಿತ್ತು. ಸಾಮಾನ್ಯವಾಗಿ ಏಪ್ರಿಲ್‌ನಲ್ಲಿ ಬರುತ್ತದೆ, ಅಂದರೆ ನಮ್ಮ ಮಾರ್ಚ್ ಎಂಡಿಂಗ್‌ನ ಬೆನ್ನಿಗೇ. ಎಲ್ಲ ಘಟಕಗಳಲ್ಲೂ ಆಗ ಬಿಲ್ಲು, ಸ್ಟಾಕು, ಆಡಿಟರ್ ಎಂದು ಉಸಿರಾಡಲು ಪುರುಸೊತ್ತಿರುವುದಿಲ್ಲ. ಆ ಗದ್ದಲದ ನಡುವೆ ಮಾಲೀಕರಿಗೆ ದಿಢೀರನೆ ನೆನಪಾಗುತ್ತದೆ: ಸ್ಟಾಲಿನಲ್ಲಿ ಗಿರಾಕಿ ತಾಂತ್ರಿಕ ಪ್ರಶ್ನೆ ಕೇಳಿದರೆ ಉತ್ತರ ಹೇಳಲು ಮಶಿನ್ ಶಾಪಿನವರು ಒಬ್ಬರು ಬೇಕಲ್ಲ! ‘ಮುಂದಿನ ವಾರ ವೀಸಾ ಮಾಡಿಸಿಬಿಡಿ’ ಅನ್ನುತ್ತಾರೆ. ವೀಸಾ ರೇಷನ್ ಕಾರ್ಡಿನ ನಕಲು ಪ್ರತಿಯಲ್ಲ.

ಜರ್ಮನಿಗೆ ಬೇಕಾದದ್ದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ನಡೆಯುವ ವೀಸಾ. ಪ್ರಯಾಣಕ್ಕೆ 6 ತಿಂಗಳ ಮುಂಚೆಯೇ ಅದಕ್ಕೆ ಅರ್ಜಿ ಹಾಕಬಹುದು. ತೀರಾ ತಡವೆಂದರೆ 15 ದಿನ ಮುಂಚೆ ಹಾಕಿರಬೇಕು. ನಿರ್ಧಾರಕ್ಕೆ ಸಾಮಾನ್ಯವಾಗಿ 15 ದಿನ ಹಿಡಿಯುತ್ತದೆ, ಹೆಚ್ಚಿನ ಪರಿಶೀಲನೆ ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಅದಕ್ಕೂ ಮೊದಲು ಅಪಾಯಿಂಟ್‌ಮೆಂಟ್ ಸಿಗಬೇಕು. ಮೇಳಗಳ ಹಂಗಾಮಿನಲ್ಲಿ ಅದೇ ದೊಡ್ಡ ತಲೆನೋವು. ಹಾಗಾಗಿ ಏಪ್ರಿಲ್ ಮೇಳಕ್ಕೆ ದೀಪಾವಳಿಯೊಳಗೆ ಪಾಸ್‌ಪೋರ್ಟ್ ಕೈಯಲ್ಲಿರಬೇಕು, ಸಂಕ್ರಾಂತಿ ಮುಗಿಯುತ್ತಿದ್ದಂತೆ ಅರ್ಜಿ ಹೋಗಬೇಕು. ಇದು ನಾನು ಇಟ್ಟುಕೊಂಡಿರುವ ಲೆಕ್ಕ.

ಪಾಸ್‌ಪೋರ್ಟಿನ ಮಾತಿಗೆ ಬಂದರೆ, ಅರ್ಜಿ ಹಾಕುವುದು ಈಗ ಮೊದಲಿನಷ್ಟು ಕಷ್ಟವಲ್ಲ. ಅಂಚೆ ಕಚೇರಿಗಳಲ್ಲಿ ಪಾಸ್‌ಪೋರ್ಟ್ ಕೇಂದ್ರ ತೆರೆಯುವ ಯೋಜನೆ 2017ರಲ್ಲಿ ನಮ್ಮ ಮೈಸೂರಿನಿಂದಲೇ ಮೊದಲಾಯಿತು. 36 ಪುಟದ ಪುಸ್ತಕಕ್ಕೆ ಶುಲ್ಕ 1,500 ರೂಪಾಯಿ, ತತ್ಕಾಲ್ ಆದರೆ ಮೇಲೆ 2,000. ತೊಂದರೆ ಇರುವುದು ಹೆಸರಿನಲ್ಲಿ. ನಮ್ಮ ಕಡೆ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಮೂರು ಭಾಗ. ಹಳೆಯ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಅಡ್ಡಹೆಸರು ಮೊದಲಿರುತ್ತದೆ, ಆಧಾರ್‌ನಲ್ಲಿ ಕೊನೆಗೆ, ಪ್ಯಾನ್ ಕಾರ್ಡಿನಲ್ಲಿ ತಂದೆಯ ಹೆಸರೇ ಹಾರಿಹೋಗಿರುತ್ತದೆ. ಬಸವರಾಜ ಎಂಬ ಒಂದೇ ಹೆಸರಿಗೆ ಇಂಗ್ಲಿಷಿನಲ್ಲಿ ಎಷ್ಟು ಬಗೆಯ ಸ್ಪೆಲಿಂಗ್ ಇರಬಹುದೆಂದು ನನ್ನ ಫೈಲುಗಳನ್ನು ನೋಡಿದರೆ ಗೊತ್ತಾಗುತ್ತದೆ. ಮೈಸೂರು ಕಡೆಯವರದು ಇನ್ನೊಂದು ಕಥೆ. ಅವರಿಗೆ ಅಡ್ಡಹೆಸರೇ ಇಲ್ಲ, ಮುಂದೆ ಒಂದೆರಡು ಅಕ್ಷರ ಅಷ್ಟೇ. ಪಾಸ್‌ಪೋರ್ಟಿನಲ್ಲಿ ಇನಿಶಿಯಲ್ ನಡೆಯುವುದಿಲ್ಲ, ಬಿಡಿಸಿ ಬರೆಯಬೇಕು. ಕೆಲವರು ಗೊಡವೆಯೇ ಬೇಡವೆಂದು ಅಡ್ಡಹೆಸರಿನ ಜಾಗ ಖಾಲಿ ಬಿಟ್ಟು ಒಂದೇ ಹೆಸರಿನಲ್ಲಿ ಮಾಡಿಸಿಕೊಳ್ಳುತ್ತಾರೆ. ಅಂಥವರಿಗೆ ವಿಮಾನದ ಟಿಕೆಟ್ ಮಾಡುವಾಗಲೇ ಗೊಂದಲ ಶುರುವಾಗುತ್ತದೆ. 2022ರ ನವೆಂಬರ್‌ನಲ್ಲಿ ಯುಎಇ ಒಂದೇ ಹೆಸರಿನ ಪಾಸ್‌ಪೋರ್ಟಿನವರಿಗೆ ಭೇಟಿ ವೀಸಾದ ಮೇಲೆ ಪ್ರವೇಶವಿಲ್ಲವೆಂದು ಹೇಳಿದಾಗ ಎಷ್ಟೋ ಜನ ಪೇಚಿಗೆ ಸಿಕ್ಕರು. ಆಮೇಲೆ ಕೆಲವು ವಿನಾಯಿತಿ ಬಂದವು ನಿಜ. ಆದರೆ ಮೊದಲ ಪಾಸ್‌ಪೋರ್ಟ್ ಮಾಡಿಸುವವರು ಎರಡೂ ಜಾಗ ತುಂಬಿಸಿಕೊಳ್ಳುವುದೇ ಕ್ಷೇಮ. ಅದಕ್ಕೆ ಮೊದಲು ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಒಂದೇ ಸ್ಪೆಲಿಂಗ್‌ಗೆ ತಂದುಕೊಳ್ಳಬೇಕು. ಈ ತಿದ್ದುಪಡಿಗೇ ತಿಂಗಳುಗಳು ಹೋಗುತ್ತವೆ.

ಪೊಲೀಸ್ ಪರಿಶೀಲನೆಯಲ್ಲಿ ವಿಳಾಸದ ತೊಡಕು. ಆಧಾರ್‌ನಲ್ಲಿ ಗೋಕಾಕ ತಾಲ್ಲೂಕಿನ ಹಳ್ಳಿ, ವಾಸ ಉದ್ಯಮಬಾಗದ ಹತ್ತಿರದ ಬಾಡಿಗೆ ಮನೆ. ಹಳ್ಳಿಯ ವಿಳಾಸ ಕೊಟ್ಟು ಇಲ್ಲಿ ಕೂತರೆ, ಠಾಣೆಯವರು ಮನೆಗೆ ಬಂದಾಗ ‘ಅಂವ ಇಲ್ಲೆ ಇಲ್ರಿ, ಬೆಳಗಾವ್ಯಾಗ ಇರ್ತಾನ’ ಎಂದು ಮನೆಯವರೇ ಪ್ರಾಮಾಣಿಕವಾಗಿ ಹೇಳಿ ಕಳಿಸುತ್ತಾರೆ. ಅರ್ಜಿ ಅಲ್ಲಿಗೇ ನಿಲ್ಲುತ್ತದೆ. ಈಗ ವಾಸವಿರುವ ಮನೆಯ ಬಾಡಿಗೆ ಕರಾರು ನೋಂದಣಿ ಮಾಡಿಸಿ, ಆ ವಿಳಾಸವನ್ನೇ ಕೊಡುವುದು ಲೇಸು.

ಹಳೆಯ ಪಾಸ್‌ಪೋರ್ಟ್ ಇದ್ದವರೂ ನಿಶ್ಚಿಂತರಾಗಿ ಕೂರುವಂತಿಲ್ಲ. ಶೆಂಗೆನ್ ದೇಶಗಳಿಗೆ ಅದು ಕಳೆದ 10 ವರ್ಷದೊಳಗೆ ಕೊಟ್ಟದ್ದಾಗಿರಬೇಕು, ವಾಪಸು ಹೊರಟ ದಿನದಿಂದ ಇನ್ನೂ 3 ತಿಂಗಳು ಚಾಲ್ತಿಯಲ್ಲಿರಬೇಕು, 2 ಪುಟ ಖಾಲಿ ಇರಬೇಕು. ಬೇರೆ ಹಲವು ದೇಶಗಳು 6 ತಿಂಗಳು ಕೇಳುತ್ತವೆ.

ಇನ್ನು ಈ ಪತ್ರ ಬರೆಯಲು ಕಾರಣವಾದ ಮಾತು. ಜರ್ಮನಿಯ ಬಿಸಿನೆಸ್ ವೀಸಾಕ್ಕೆ ಆಮಂತ್ರಣ ಪತ್ರ ಅಥವಾ ಮೇಳದಲ್ಲಿ ಸ್ಟಾಲ್ ತೆಗೆದುಕೊಂಡ ದೃಢೀಕರಣ ಬೇಕು, ಕನಿಷ್ಠ 30,000 ಯೂರೊ ಚಿಕಿತ್ಸಾ ವೆಚ್ಚ ಭರಿಸುವ ವಿಮೆ ಬೇಕು, ಕಂಪನಿಯ ಪತ್ರ ಬೇಕು. ಇವೆಲ್ಲ ದುಡ್ಡು ಕೊಟ್ಟರೆ, ಮೇಲ್ ಮಾಡಿದರೆ ಬರುತ್ತವೆ. ಬಾರದಿರುವುದು ನೌಕರನ ಸ್ವಂತ ಕಾಗದ: ಪಗಾರ ಚೀಟಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆದಾಯ ತೆರಿಗೆ ರಿಟರ್ನ್. ನಮ್ಮ ಭಾಗದ ಎಷ್ಟೋ ಸಣ್ಣ ಘಟಕಗಳಲ್ಲಿ ಇವತ್ತಿಗೂ ಪಗಾರ ಅರ್ಧ ಬ್ಯಾಂಕಿಗೆ, ಅರ್ಧ ಲಕೋಟೆಯಲ್ಲಿ. ಹದಿನೈದು ವರ್ಷದಿಂದ ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಮಶಿನ್ ಸೆಟ್ಟಿಂಗ್ ಮಾಡುವವನು, ಮೈಕ್ರಾನ್ ಲೆಕ್ಕದಲ್ಲಿ ವಾಲ್ವಿನೊಳಗೆ ಸ್ಪೂಲ್ ಕೂರಿಸುವವನು, ಹಾಜರಿ ಪುಸ್ತಕದಲ್ಲಿ ಮಾತ್ರ ‘ಹೆಲ್ಪರ್’. ಕನಿಷ್ಠ ವೇತನ ಪಟ್ಟಿಯ ಕೆಳಗಿನ ದರ್ಜೆಯಲ್ಲಿ ತೋರಿಸಿದರೆ ಮಾಲೀಕರಿಗೆ ಉಳಿತಾಯ, ಅದಕ್ಕೆ.

ಈಗ ವೀಸಾ ಅಧಿಕಾರಿಯ ಮೇಜಿನ ಮೇಲೆ ಈ ಫೈಲು ಹೇಗೆ ಕಾಣುತ್ತದೆ, ನೋಡಿ. ಕಂಪನಿ ಪತ್ರದಲ್ಲಿ ‘ನಮ್ಮ ಹಿರಿಯ ತಾಂತ್ರಿಕ ತಜ್ಞ’ ಎಂದಿದೆ. ಭವಿಷ್ಯನಿಧಿ ದಾಖಲೆಯಲ್ಲಿ ಹೆಲ್ಪರ್. ಬ್ಯಾಂಕಿನಲ್ಲಿ ತಿಂಗಳಿಗೆ ಬರುವ ಮೊತ್ತ ಬೆಂಗಳೂರಿನ ಒಂದು ಕೋಣೆಯ ಬಾಡಿಗೆಗೂ ಸಾಲದು. ಅರ್ಜಿ ಹಾಕುವ ಹಿಂದಿನ ವಾರ ಖಾತೆಗೆ ಒಮ್ಮೆಲೇ ಎರಡು ಲಕ್ಷ ಬಂದು ಬಿದ್ದಿದೆ, ಮಾಲೀಕರ ಕೃಪೆ. ಈ ಮನುಷ್ಯ ಕೆಲಸ ಮುಗಿಸಿ ಊರಿಗೆ ಮರಳುತ್ತಾನೆಂದು ಆ ಅಧಿಕಾರಿ ಯಾಕೆ ನಂಬಬೇಕು? ಅರ್ಜಿ ತಿರಸ್ಕೃತವಾದಾಗ ಹಳಹಳಿಸುವುದು ನೌಕರನೇ. ‘ನನ್ನ ಇಂಗ್ಲಿಷ್ ಸರಿ ಇಲ್ಲ, ಅದಕ್ಕ ಕೊಡಲಿಲ್ಲರಿ’ ಅಂದುಕೊಳ್ಳುತ್ತಾನೆ. ಅವನ ಇಂಗ್ಲಿಷ್ ಯಾರೂ ಕೇಳಿರಲಿಲ್ಲ. ಮಾಲೀಕರ ಲೆಕ್ಕದ ಪುಸ್ತಕವೇ ಅವನ ವಿರುದ್ಧ ಸಾಕ್ಷಿ ಹೇಳಿತ್ತು.

ಆದ್ದರಿಂದ ನನ್ನ ಪ್ರಕಾರ ವಿದೇಶ ಪ್ರವಾಸದ ಸಿದ್ಧತೆ ಒಂದು ವರ್ಷ ಮುಂಚೆ, ಮಾಲೀಕರ ಕ್ಯಾಬಿನ್ನಿನಲ್ಲಿ ಶುರುವಾಗಬೇಕು. ಮುಂದೊಂದು ದಿನ ಯಾರನ್ನು ಕಳಿಸುವ ಅಗತ್ಯ ಬೀಳಬಹುದೋ ಅವರ ಹುದ್ದೆ ದಾಖಲೆಯಲ್ಲಿ ಸರಿಯಾಗಲಿ, ಪಗಾರ ಪೂರ್ತಿ ಬ್ಯಾಂಕಿಗೆ ಬೀಳಲಿ, ತಿಂಗಳು ತಿಂಗಳು ಚೀಟಿ ಕೈಗೆ ಸಿಗಲಿ, ರಿಟರ್ನ್ ಸಲ್ಲಿಕೆಯಾಗಲಿ. ಇದಕ್ಕೆ ಖರ್ಚಾಗುತ್ತದೆ ಎನ್ನುವವರು ಸ್ಟಾಲಿಗೆ ಚದರ ಮೀಟರ್ ಲೆಕ್ಕದಲ್ಲಿ ಎಷ್ಟು ಯೂರೊ ಕಟ್ಟಿದ್ದೀರೆಂದು ಒಮ್ಮೆ ನೋಡಿಕೊಳ್ಳಿ.

ವೀಸಾ ಶುಲ್ಕ 2024ರ ಜೂನ್‌ನಿಂದ 90 ಯೂರೊ. ಅರ್ಜಿ ಕೇಂದ್ರದ ಸೇವಾ ಶುಲ್ಕ ಬೇರೆ. ಅರ್ಜಿ ತಿರಸ್ಕೃತವಾದರೆ ಹಣ ವಾಪಸಿಲ್ಲ. ಇದನ್ನು ನೌಕರನ ಪಗಾರದಲ್ಲಿ ಮುರಿದುಕೊಂಡ ಮಾಲೀಕರನ್ನೂ ಬಲ್ಲೆ.

ವೀಸಾದ ಬೆರಳಚ್ಚು ಕೊಡಲು ನಮ್ಮವರು ಬೆಂಗಳೂರಿಗೆ ಹೋಗುತ್ತಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿ ರಾತ್ರಿ ಕಳೆದರೆ ಬೆಳಿಗ್ಗೆ ಅಲ್ಲಿ. ಗ್ರೈಂಡಿಂಗ್, ಫೆಟ್ಲಿಂಗ್ (ಎರಕದ ಅಂಚು ಉಜ್ಜಿ ತೆಗೆಯುವ) ವಿಭಾಗದವರನ್ನು ಕಳಿಸುವಾಗ ಒಂದು ವಿಷಯ ಗಮನದಲ್ಲಿರಲಿ. ಬೀಡುಕಬ್ಬಿಣದ ಪುಡಿ, ಕೂಲಂಟ್, ಎಮರಿ ಚಕ್ರ ಇವುಗಳ ಜೊತೆ ವರ್ಷಗಟ್ಟಲೆ ಗುದ್ದಾಡಿದ ಬೆರಳುಗಳ ಗೆರೆ ಸವೆದಿರುತ್ತದೆ. ಆಧಾರ್ ಕೇಂದ್ರದಲ್ಲಿ ಇವರು ಪಟ್ಟ ಪಾಡು ಅವರಿಗೇ ಗೊತ್ತು. ಹೋಗುವ ಮುಂಚೆ ಒಂದು ವಾರ ಆ ಕೆಲಸದಿಂದ ಬಿಡುವು ಕೊಟ್ಟು, ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿಕೊಳ್ಳಲು ಹೇಳುತ್ತೇನೆ. ಗೆರೆ ಎದ್ದು ಕಾಣುತ್ತದೆ. ಒಮ್ಮೆ ಕೊಟ್ಟ ಬೆರಳಚ್ಚು ಶೆಂಗೆನ್ ದಾಖಲೆಯಲ್ಲಿ 59 ತಿಂಗಳು ಉಳಿಯುತ್ತದೆ, ಅಷ್ಟರೊಳಗೆ ಮತ್ತೆ ಅರ್ಜಿ ಹಾಕಿದರೆ ಅದನ್ನೇ ಬಳಸಿಕೊಳ್ಳುವುದುಂಟು. ಇದಲ್ಲದೆ 2025ರ ಅಕ್ಟೋಬರ್ 12ರಿಂದ ಗಡಿಯಲ್ಲೇ ಮುಖದ ಚಿತ್ರ, ಬೆರಳಚ್ಚು ತೆಗೆದುಕೊಳ್ಳುವ ಹೊಸ ಪದ್ಧತಿಯನ್ನು ಹಂತಹಂತವಾಗಿ ತಂದಿದ್ದಾರೆ. ಅಲ್ಲಿ ಸಾಲು ನಿಧಾನವಾಗಬಹುದು. ಫ್ರಾಂಕ್‌ಫರ್ಟ್‌ನಲ್ಲಿ ಇಳಿದು ಒಂದೇ ಗಂಟೆಯಲ್ಲಿ ಮುಂದಿನ ವಿಮಾನ, ರೈಲು ಹಿಡಿಯುವ ಧೈರ್ಯದ ಟಿಕೆಟ್ ತೆಗೆಯಬೇಡಿ.

ಫೋಟೊದ ಬಗ್ಗೆಯೂ ಒಂದು ಮಾತು. 35 ಮಿಲಿಮೀಟರ್ ಅಗಲ, 45 ಎತ್ತರ, 6 ತಿಂಗಳೊಳಗಿನದು. ನಮ್ಮ ಸ್ಟುಡಿಯೊದವರು ಪ್ರೀತಿಯಿಂದ ಮುಖ ಬೆಳ್ಳಗೆ ಮಾಡಿ, ಕಲೆ ಅಳಿಸಿ, ಕೋಟು ತೊಡಿಸಿ ಕೊಡುತ್ತಾರೆ. ಅಂಥದ್ದು ಮದುವೆ ಬ್ರೋಕರ್‌ಗೆ ಕೊಡಲು ಸರಿ, ಇಲ್ಲಿ ವಾಪಸು ಬರುತ್ತದೆ.

ಹೊರಡುವ ಮುಂಚೆ ಊಟದ ಬಿಡುವಿನಲ್ಲಿ ನಮ್ಮವರನ್ನು ಕೂರಿಸಿ, ನಾನೇ ವಲಸೆ ಅಧಿಕಾರಿಯಾಗಿ ಪ್ರಶ್ನೆ ಕೇಳುವ ರೂಢಿ ಇಟ್ಟುಕೊಂಡಿದ್ದೇನೆ. ಯಾಕೆ ಬಂದಿರಿ, ಎಲ್ಲಿ ಇಳಿದುಕೊಳ್ಳುತ್ತೀರಿ, ಎಷ್ಟು ದಿನ, ಯಾರ ಖರ್ಚು, ಮರಳುವ ಟಿಕೆಟ್ ಎಲ್ಲಿ? ಉತ್ತರ ಸಣ್ಣ ಇಂಗ್ಲಿಷ್ ವಾಕ್ಯದಲ್ಲಿ ಬಂದರೆ ಸಾಕು. ಒಮ್ಮೆ ನಮ್ಮ ಮಶಿನ್ ಸೆಟ್ಟರ್ ಒಬ್ಬರು ಈ ತಾಲೀಮಿನಲ್ಲಿ ಕನ್ನಡದಲ್ಲೇ ಸರಾಗ ಶುರು ಮಾಡಿದರು: ‘ಮೇಳಾ ನೋಡಾಕ ಬಂದೇನ್ರಿ. ಮುಗಿದ ಮ್ಯಾಲ ಒಬ್ಬ ಗಿರಾಕಿ ಫ್ಯಾಕ್ಟರಿಗೆ ಹೋಗಿ ನಮ್ಮ ವಾಲ್ವ್ ಬಿಚ್ಚಿ ರಿಪೇರಿ ಮಾಡಿ ಬಾ ಅಂತ ಸಾಹೇಬ್ರು ಹೇಳ್ಯಾರ.’ ನನಗೆ ಆ ವಿಷಯ ಗೊತ್ತೇ ಇರಲಿಲ್ಲ. ಮೇಳದಲ್ಲಿ ನಿಂತು ಗಿರಾಕಿಯೊಂದಿಗೆ ಮಾತಾಡುವುದು ಬೇರೆ, ಪರದೇಶದ ಕಾರ್ಖಾನೆಯೊಳಗೆ ಸ್ಪ್ಯಾನರ್ ಹಿಡಿದು ಕೆಲಸ ಮಾಡುವುದು ಬೇರೆ. ಎರಡನೆಯದಕ್ಕೆ ಬೇರೆ ನಿಯಮಗಳಿವೆ. ಹೇಳಿದೆ. ಅವರು ಮುಖ ಸಣ್ಣದು ಮಾಡಿಕೊಂಡು, ‘ಹಂಗಾರ ಸುಳ್ಳು ಹೇಳಬೇಕೇನ್ರಿ ಅಕ್ಕಾರ?’ ಅಂದರು.

ಸುಳ್ಳು ಹೇಳಬೇಕಾದ ಜಾಗಕ್ಕೆ ನೌಕರನನ್ನು ನಿಲ್ಲಿಸಬಾರದು, ಅಷ್ಟೇ. ರಿಪೇರಿ ಕೆಲಸವಿದ್ದರೆ ಆ ಗಿರಾಕಿಯಿಂದ ಏನು ಕೆಲಸ, ಎಷ್ಟು ದಿನ, ಯಾವ ಕರಾರಿನ ಮೇಲೆ ಎಂದು ಸ್ಪಷ್ಟವಾಗಿ ಬರೆಸಿಕೊಂಡು, ಅರ್ಜಿಯಲ್ಲೇ ಅದನ್ನು ತೋರಿಸಿ, ಅದಕ್ಕೆ ತಕ್ಕ ಅನುಮತಿ ಪಡೆಯಬೇಕು. ಆ ಸಲ ಸಾಹೇಬರ ಹತ್ತಿರ ಹೋಗಿ ಜಗಳವನ್ನೇ ಆಡಿದೆ. ರಿಪೇರಿ ಮಾತು ಕೈಬಿಟ್ಟರು, ಗಿರಾಕಿಯೇ ವಾಲ್ವ್ ಬಿಚ್ಚಿ ಮೇಳಕ್ಕೆ ತಂದು ತೋರಿಸಿದ.

ಕಾಗದಗಳ ವಿಷಯ ಮುಗಿಸುವ ಮುನ್ನ ಇನ್ನೊಂದು: ಆಮಂತ್ರಣ, ವಿಮೆ, ಹೋಟೆಲ್ ಬುಕಿಂಗ್, ಮರಳುವ ಟಿಕೆಟ್ ಎಲ್ಲ ಮುದ್ರಿಸಿ ಕೈಚೀಲದಲ್ಲಿರಲಿ. ಮೊಬೈಲಿನಲ್ಲಿದೆ ಎನ್ನಬೇಡಿ, ಅಲ್ಲಿ ತಲುಪುವ ಹೊತ್ತಿಗೆ ಅದರ ಚಾರ್ಜ್ ಹೋಗಿರುತ್ತದೆ.

ಸ್ಯಾಂಪಲ್ ಒಯ್ಯುವುದು ಪ್ರವಾಸಿಗಳಿಗಿಲ್ಲದ ತೊಡಕು. ವಾಲ್ವ್ ಬ್ಲಾಕ್ ಅಂದರೆ ಗಟ್ಟಿ ಕಬ್ಬಿಣ, ನಾಲ್ಕು ಇಟ್ಟರೆ 23 ಕಿಲೊ ಮುಗಿಯಿತು. ತೋರಿಸಿ ವಾಪಸು ತರುವ ಮಾಲಾದರೆ ‘ಎಟಿಎ ಕಾರ್ನೆಟ್’ ಎಂಬ ದಾಖಲೆ ಇದೆ. ನಮ್ಮ ದೇಶದಲ್ಲಿ ಇದನ್ನು ಫಿಕ್ಕಿ ಎಂಬ ವಾಣಿಜ್ಯೋದ್ಯಮಿಗಳ ಒಕ್ಕೂಟ ಕೊಡುತ್ತದೆ, ಒಂದು ವರ್ಷ ಚಾಲ್ತಿ. ಅದಿದ್ದರೆ ಆ ದೇಶದಲ್ಲಿ ಸುಂಕ ಕಟ್ಟದೆ ಮಾಲು ಒಳಗೆ ಒಯ್ದು ಹೊರಗೆ ತರಬಹುದು. ಆದರೆ ನಾಲ್ಕೂ ಕಡೆ ಕಸ್ಟಮ್ಸ್ ಮುದ್ರೆ ಬೀಳಬೇಕು: ಇಲ್ಲಿಂದ ಹೊರಡುವಾಗ, ಅಲ್ಲಿ ಇಳಿದಾಗ, ಅಲ್ಲಿಂದ ಹೊರಡುವಾಗ, ಇಲ್ಲಿ ಇಳಿದಾಗ. ಒಂದು ಮುದ್ರೆ ತಪ್ಪಿದರೆ ತಿಂಗಳುಗಳ ನಂತರ ಸುಂಕದ ನೋಟಿಸು ಬರಬಹುದು. ಕಸ್ಟಮ್ಸ್‌ಗೆ ತೋರಿಸುವುದು ಏನೂ ಇಲ್ಲದವರ ಹಸಿರು ದಾರಿಯಲ್ಲಿ ಎಲ್ಲರ ಹಿಂದೆ ನಡೆದು ಹೊರಗೆ ಬಂದುಬಿಡುವುದು ಮೊದಲ ಸಲ ಹೋದವರ ಸಹಜ ನಡೆ. ಕಾರ್ನೆಟ್ ಇದ್ದವರು ಮಾಲು ತೋರಿಸುವವರ ಕೆಂಪು ದಾರಿಗೆ ಹೋಗಿ ನಿಲ್ಲಬೇಕು. ಗಿರಾಕಿಗೆ ಕೊಟ್ಟು ಬರುವ ತುಣುಕುಗಳನ್ನು ಕಾರ್ನೆಟ್‌ನಲ್ಲಿ ಸೇರಿಸಬಾರದು, ಅವನ್ನು ಬಿಲ್ಲು ಹಾಕಿ ಕೊರಿಯರ್‌ನಲ್ಲಿ ಮುಂಚೆಯೇ ಕಳಿಸುವುದು ಮೇಲು. ವಾಲ್ವಿನೊಳಗಿನ ಎಣ್ಣೆ ಪೂರ್ತಿ ಬಸಿದು ಒರೆಸಿ. ವರ್ನಿಯರ್, ಸ್ಪ್ಯಾನರ್, ಅಲೆನ್ ಕೀ ಯಾವುದೂ ಕೈಚೀಲದಲ್ಲಿ ಬೇಡ. ಪವರ್ ಬ್ಯಾಂಕ್ ಮಾತ್ರ ಕೈಚೀಲದಲ್ಲೇ ಇರಬೇಕು, ದೊಡ್ಡ ಪೆಟ್ಟಿಗೆಯಲ್ಲಿ ಹಾಕಿದರೆ ಹೆಸರು ಕರೆದು ಬಿಚ್ಚಿಸುತ್ತಾರೆ.

ದುಡ್ಡಿನ ವಿಷಯದಲ್ಲಿ ‘ನಿನ್ನ ಕಾರ್ಡಿನಲ್ಲಿ ಮಾಡು, ಬಂದ ಮೇಲೆ ಬಿಲ್ಲು ಕೊಡು’ ಎಂಬ ಪದ್ಧತಿಗೆ ನನ್ನ ವಿರೋಧವಿದೆ. ತಿಂಗಳ ಕಂತು ಕಟ್ಟುವವನ ಕಾರ್ಡು ಯೂರೊ ಭಾರ ತಡೆಯುವುದಿಲ್ಲ. ಕಂಪನಿಯೇ ಬ್ಯಾಂಕಿನಿಂದ ವಿದೇಶಿ ಹಣ ತುಂಬಿದ ಫಾರೆಕ್ಸ್ ಕಾರ್ಡ್ ಮಾಡಿಸಿ, ಒಂದಿಷ್ಟು ಸಣ್ಣ ನೋಟು ಕೊಡಿಸಬೇಕು. ನೋಟಿನ ರೂಪದಲ್ಲಿ ಒಬ್ಬರು ಸಾಮಾನ್ಯವಾಗಿ 3,000 ಡಾಲರ್ ಬೆಲೆಯವರೆಗೆ ಒಯ್ಯಬಹುದು, ಅಷ್ಟು ಯಾರಿಗೂ ಬೇಕಾಗುವುದಿಲ್ಲ. ಸ್ವಂತ ಡೆಬಿಟ್ ಕಾರ್ಡ್ ತುರ್ತಿಗೆಂದು ಒಯ್ದರೆ, ವಿದೇಶಿ ಬಳಕೆಯನ್ನು ಇಲ್ಲಿಂದಲೇ ಚಾಲೂ ಮಾಡಿಸಿಕೊಳ್ಳಿ. 2020ರಿಂದ ಹೊಸ ಕಾರ್ಡುಗಳು ದೇಶದೊಳಗೆ ಮಾತ್ರ ನಡೆಯುವಂತೆ ಬರುತ್ತವೆ, ಅದು ರಿಸರ್ವ್ ಬ್ಯಾಂಕಿನ ಆದೇಶ. ಒಟಿಪಿ ಬರುವ ಸಿಮ್‌ಗೆ ರೋಮಿಂಗ್ ಹಾಕಿಸದೆ ಹೋದರೆ ಕಾರ್ಡಿದ್ದೂ ಇಲ್ಲದಂತೆ. ಇಲ್ಲಿ ಚಹಾದಂಗಡಿಯಲ್ಲೂ ನಡೆಯುವ ಯುಪಿಐ ಅಲ್ಲಿಯೂ ನಡೆದೀತೆಂದು ನೆಚ್ಚಬೇಡಿ.

ಮೇಳ ಸಾಮಾನ್ಯವಾಗಿ ಸೋಮವಾರ ಶುರು. ನಮ್ಮವರು ಭಾನುವಾರ ಇಳಿಯುತ್ತಾರೆ. ಜರ್ಮನಿಯಲ್ಲಿ ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ದೊಡ್ಡ ರೈಲು ನಿಲ್ದಾಣಗಳೊಳಗೆ ಕೆಲವು ತೆರೆದಿರುತ್ತವೆ. ಮೊದಲ ರಾತ್ರಿಯ ಬುತ್ತಿ ಜೊತೆಗಿರಲಿ. ಕಟಕ್ ರೊಟ್ಟಿ, ಶೇಂಗಾ ಚಟ್ನಿ, ಅವಲಕ್ಕಿ ಇವಕ್ಕೆ ಅಡ್ಡಿ ಕಂಡಿಲ್ಲ. ಆದರೆ ಹಾಲಿನ, ಮಾಂಸದ ಪದಾರ್ಥಗಳನ್ನು ಪ್ರಯಾಣಿಕರು ಹೊರಗಿನಿಂದ ಯುರೋಪ್ ಒಕ್ಕೂಟದೊಳಗೆ ತರುವಂತಿಲ್ಲ. ಬೆಳಗಾವಿಯಿಂದ ಯಾರೇ ಹೊರಟರೂ ಮನೆಯವರು, ಮಾಲೀಕರು ಸೇರಿ ಗಿರಾಕಿಗೆಂದು ಕುಂದಾ ಕಟ್ಟಿ ಕೊಡುತ್ತಾರೆ. ಅದು ಅಪ್ಪಟ ಹಾಲಿನದು, ಬೇಡ. ಬೆಣ್ಣೆ, ತುಪ್ಪ, ಧಾರವಾಡ ಪೇಢೆ ಯಾವುದೂ ಬೇಡ. ಗಿರಾಕಿಗೆ ಏನಾದರೂ ಕೊಡಲೇಬೇಕೆಂದಿದ್ದರೆ ಚನ್ನಪಟ್ಟಣದ ಬೊಂಬೆ, ಬಿದರಿ ಕೆಲಸದ ಸಣ್ಣ ವಸ್ತು ಒಯ್ಯಿರಿ, ಕೆಡುವುದಿಲ್ಲ, ಸೋರುವುದಿಲ್ಲ.

ವಿಮಾನದ ಊಟದಲ್ಲೂ ಒಂದು ಬಲೆ ಇದೆ. ಟಿಕೆಟ್ ಮಾಡುವಾಗ ‘ಹಿಂದೂ ಮೀಲ್’ ಎಂದು ಕಂಡ ಕೂಡಲೇ ನಮ್ಮ ಲಿಂಗಾಯತ, ಜೈನ ಹುಡುಗರು ಅದನ್ನೇ ಒತ್ತುತ್ತಾರೆ. ಎಚ್‌ಎನ್‌ಎಂಎಲ್ ಎಂಬ ಆ ಊಟದಲ್ಲಿ ದನ, ಹಂದಿ ಇಲ್ಲದಿದ್ದರೂ ಕೋಳಿ, ಕುರಿ, ಮೀನು ಇರಬಹುದು. ಸಸ್ಯಾಹಾರಿಗಳು ಎವಿಎಂಎಲ್ ಎಂಬುದನ್ನು ಆರಿಸಬೇಕು, ಅದನ್ನೂ ಕನಿಷ್ಠ ಒಂದು ದಿನ ಮುಂಚೆ ಹೇಳಿರಬೇಕು.

ಹ್ಯಾನೋವರ್‌ನಲ್ಲಿ ಮೇಳದ ವಾರ ಹೋಟೆಲ್ ದರ ಹಲವು ಪಟ್ಟು ಏರುತ್ತದೆ. ಊರಿನ ಜನ ತಮ್ಮ ಮನೆಯ ಕೋಣೆಗಳನ್ನೇ ಬಾಡಿಗೆಗೆ ಕೊಡುವ ಹಳೆಯ ರೂಢಿ ಅಲ್ಲಿದೆ. ಹಿಲ್ಡೆಸ್‌ಹೈಮ್, ಬ್ರೌನ್‌ಶ್ವೈಗ್‌ನಂಥ ಹತ್ತಿರದ ಊರುಗಳಲ್ಲಿ ಉಳಿದು ರೈಲಿನಲ್ಲಿ ಓಡಾಡುವವರೂ ಉಂಟು. ನಾನು ಹೋದಾಗ ಒಬ್ಬ ಅಜ್ಜಿಯ ಮನೆಯಲ್ಲಿದ್ದೆ. ಹೆಣ್ಣುಮಗಳು ಒಬ್ಬಳೇ ಹೇಗೆ ಎಂದು ಇಲ್ಲಿ ಕೇಳಿದವರೇ ಕೇಳಿದ್ದು. ಆ ಅಜ್ಜಿ ಕೇಳಿದ್ದು ಬೂಟು ಎಲ್ಲಿ ಬಿಡುತ್ತೀ ಎಂಬುದೊಂದನ್ನೇ. ಅಡುಗೆಮನೆ ಬಳಸಬಹುದೇ ಎಂದು ಮುಂಗಡ ಕೊಡುವ ಮೊದಲೇ ಕೇಳಿಕೊಳ್ಳಿ. ಊರಿನೊಳಗಿಂದ ಮೇಳದ ಉತ್ತರ ಬಾಗಿಲಿಗೆ 8ನೇ ನಂಬರಿನ ಟ್ರಾಮ್ ಹೋಗುತ್ತದೆ. ಟ್ರಾಮಿನ ಬಾಗಿಲಲ್ಲಿ ಟಿಕೆಟ್ ಕೇಳುವವರು ಯಾರೂ ಇಲ್ಲವೆಂದು ಸುಮ್ಮನೆ ಹತ್ತಿದರೆ, ತಪಾಸಣೆಯವರು ಸಿಕ್ಕಾಗ ದಂಡ 60 ಯೂರೊ. ನೀರಿನ ಬಾಟಲಿ ಕೊಳ್ಳುವಾಗ ‘ಸ್ಟಿಲ್’ ಎಂದು ಬರೆದದ್ದು ನೋಡಿ, ಇಲ್ಲದಿದ್ದರೆ ಸೋಡಾ ಬರುತ್ತದೆ. ಪ್ಲಾಸ್ಟಿಕ್ ಬಾಟಲಿಗೆ 25 ಸೆಂಟ್ ಠೇವಣಿ ಸೇರಿಸಿರುತ್ತಾರೆ, ಖಾಲಿ ಬಾಟಲಿಯನ್ನು ಅಂಗಡಿಯ ಯಂತ್ರಕ್ಕೆ ಹಾಕಿದರೆ ವಾಪಸು ಸಿಗುತ್ತದೆ. ನಲ್ಲಿ ನೀರೂ ಕುಡಿಯಲು ಯೋಗ್ಯ.

ಏಪ್ರಿಲ್ ಅಂದರೆ ನಮಗೆ ಬೇಸಿಗೆ, ಅಲ್ಲಿ ಬೆಳಿಗ್ಗೆ ನಡುಗುವ ಚಳಿ. ಸ್ವೆಟರ್, ತಲೆಗೆ ಟೋಪಿ ಬೇಕು. ಬೂಟು ಹೊಸದು ಬೇಡ. ದಿನವಿಡೀ ಕಾಂಕ್ರೀಟ್ ನೆಲದ ಮೇಲೆ ನಿಲ್ಲುವ ಕೆಲಸ, ಕಾಲಿಗೆ ಹೊಂದಿಕೊಂಡ ಹಳೆಯದೇ ಇರಲಿ. ನಮ್ಮ ಮೂರು ಕಡ್ಡಿಯ ಪ್ಲಗ್ ಅಲ್ಲಿನ ಗೋಡೆಗೆ ಹೋಗುವುದಿಲ್ಲ, ಅಡಾಪ್ಟರ್ ಖಡೇಬಜಾರಿನಲ್ಲೇ ಕೊಂಡರೆ ಅಗ್ಗ. ಬಿಪಿ, ಶುಗರ್ ಮಾತ್ರೆಗಳು ಕೈಚೀಲದಲ್ಲಿ, ಡಾಕ್ಟರ ಚೀಟಿಯೊಂದಿಗೆ. ತುರ್ತು ಕರೆಗೆ 112, ನಮ್ಮದೇ ನಂಬರು. ಪಾಸ್‌ಪೋರ್ಟ್ ಕಳೆದರೆ ಮೊದಲು ಅಲ್ಲಿನ ಪೊಲೀಸ್ ದೂರು, ನಂತರ ಭಾರತದ ಕಾನ್ಸುಲೇಟ್. ಹ್ಯಾನೋವರ್‌ಗೆ ಹತ್ತಿರದ್ದು ಹ್ಯಾಂಬರ್ಗ್‌ನಲ್ಲಿದೆ.

ಜರ್ಮನಿ ಬದಲು ಕೀನ್ಯಾ, ಉಗಾಂಡಾ ಕಡೆ ಪಂಪ್ ಮಾರಲು ಹೋಗುವವರಿಗೆ ಒಂದೇ ಎಚ್ಚರಿಕೆ: ಹಳದಿ ಜ್ವರದ ಲಸಿಕೆ. ಪ್ರಯಾಣಕ್ಕೆ ಕನಿಷ್ಠ 10 ದಿನ ಮುಂಚೆ, ಸರ್ಕಾರ ಗುರುತಿಸಿದ ಕೇಂದ್ರದಲ್ಲೇ ಹಾಕಿಸಿಕೊಂಡು ಲಸಿಕೆ ಪ್ರಮಾಣಪತ್ರದ ಪುಸ್ತಕ ಪಡೆಯಬೇಕು. ಅದಿಲ್ಲದೆ ಅಲ್ಲಿಂದ ಮರಳಿದರೆ ನಮ್ಮ ವಿಮಾನ ನಿಲ್ದಾಣದಲ್ಲೇ 6 ದಿನದವರೆಗೆ ಪ್ರತ್ಯೇಕವಾಗಿ ಇರಿಸಬಹುದು.

ಸಂಪಾದಕರೇ, ಇದನ್ನೆಲ್ಲ ಪ್ರತಿ ಘಟಕವೂ ಹೊಸದಾಗಿ ಎಡವಿ ಕಲಿಯಬೇಕೇ? ಜಿಲ್ಲಾ ಕೈಗಾರಿಕಾ ಕೇಂದ್ರ, ಬೆಂಗಳೂರಿನ ವಿಶ್ವೇಶ್ವರಯ್ಯ ವಾಣಿಜ್ಯ ಉತ್ತೇಜನ ಕೇಂದ್ರ, ನಮ್ಮ ಊರಿನ ಉದ್ಯಮಿಗಳ ಸಂಘಗಳು ಸೇರಿ ನವೆಂಬರ್‌ನಲ್ಲಿ ಅರ್ಧ ದಿನದ ಒಂದು ತರಬೇತಿ ಇಟ್ಟರೆ ಸಾಕು. ಅದು ಕನ್ನಡದಲ್ಲಿರಲಿ. ಮಾಲೀಕರನ್ನಲ್ಲ, ಹೋಗಲಿರುವ ಸೆಟ್ಟರ್, ಫಿಟ್ಟರ್, ಇನ್‌ಸ್ಪೆಕ್ಟರ್‌ಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಲಿ. ಮಾತಾಡಲು ತಜ್ಞರು ಬೇಕಿಲ್ಲ, ಹಿಂದಿನ ವರ್ಷ ಹೋಗಿ ಬಂದ ಇಬ್ಬರು ಕೆಲಸಗಾರರು ಬಂದರೆ ಆಯಿತು. ಮಾಲೀಕರಿಗೆ ಬೇಕಾದರೆ ಪಕ್ಕದ ಕೋಣೆಯಲ್ಲಿ ಪಗಾರ ಚೀಟಿಯ ಬಗ್ಗೆ ಪ್ರತ್ಯೇಕ ಪಾಠ ನಡೆಯಲಿ, ನಾನೇ ಬಂದು ಮಾಡುತ್ತೇನೆ.

ಇನ್ನೊಂದೇ ಮಾತು ಉಳಿದಿದೆ. ಪ್ರವಾಸ ಮುಗಿಸಿ ಬಂದವರ ಪಾಸ್‌ಪೋರ್ಟನ್ನು ‘ಕಳೆದೀತು, ನಮ್ಮ ಹತ್ತಿರವೇ ಇರಲಿ’ ಎಂದು ತೆಗೆದು ಆಫೀಸಿನ ಕಪಾಟಿನಲ್ಲಿಡುವ ಅಭ್ಯಾಸ ಕೆಲವು ಕಡೆ ಇದೆ. ಕೆಲಸ ಬಿಟ್ಟು ಬೇರೆಡೆ ಹೋದಾನೆಂಬ ಭಯ ಅದರ ಹಿಂದಿರುವುದು ಎಲ್ಲರಿಗೂ ಗೊತ್ತು. 1967ರ ಪಾಸ್‌ಪೋರ್ಟ್ ಕಾಯ್ದೆಯ ಪ್ರಕಾರ ಪಾಸ್‌ಪೋರ್ಟ್ ಕೇಂದ್ರ ಸರ್ಕಾರದ ಆಸ್ತಿ, ಇಟ್ಟುಕೊಳ್ಳಬೇಕಾದವನು ಅದರಲ್ಲಿ ಹೆಸರಿರುವವನು. ಕಂಪನಿಗೆ ಬೇಕಿದ್ದರೆ ಜೆರಾಕ್ಸ್ ಪ್ರತಿ ಇಟ್ಟುಕೊಳ್ಳಲಿ. ಕಪಾಟಿನಲ್ಲಿರುವ ಪುಸ್ತಕಗಳನ್ನು ಈ ತಿಂಗಳ ಪಗಾರದ ದಿನವೇ ಅವರವರ ಕೈಗೆ ಕೊಟ್ಟುಬಿಡಿ.

ಇಂತಿ,
ಲೆಕ್ಕಪತ್ರ ಮತ್ತು ರವಾನೆ ವಿಭಾಗದ ಒಬ್ಬ ನೌಕರಳು
ಉದ್ಯಮಬಾಗ, ಬೆಳಗಾವಿ
(ಹೆಸರು, ವಿಳಾಸ ಪ್ರತ್ಯೇಕವಾಗಿ ಬರೆದು ಕಳಿಸಿದ್ದೇನೆ. ದಯವಿಟ್ಟು ಪ್ರಕಟಿಸಬೇಡಿ. ಸಾಹೇಬರೂ ನಿಮ್ಮ ಪತ್ರಿಕೆಯನ್ನೇ ಓದುತ್ತಾರೆ.)